ಚೌಟರ ಅರಮನೆಯೂ ನಮ್ಮ ಸೀಮೆಯ ಹಳೆಯ ಮನೆಗಳೂ

ಮೂಡುಬಿದಿರೆಗೆ ಬರುವ ಯಾತ್ರಿಕರು ಸಾಮಾನ್ಯವಾಗಿ ಸಾವಿರಕಂಬದ ಬಸದಿಯನ್ನು ನೋಡಿ, ಅದರ ಕಂಬಗಳ ವೈವಿಧ್ಯಕ್ಕೆ ಬೆರಗುಪಟ್ಟು, ಬಂದ ದಾರಿಯನ್ನೇ ಹಿಡಿದು ಹಿಂದಿರುಗುವರು. ಅದೇ ಊರಿನಲ್ಲಿ ಚೌಟರ ಅರಮನೆ ಎಂಬ ಮತ್ತೊಂದು ಕಟ್ಟಡವಿರುವುದನ್ನು ಬಲ್ಲವರು ಕಡಿಮೆ. ಬಲ್ಲವರಲ್ಲಿಯೂ ಒಳಗೆ ಹೋಗಿ ನೋಡಿದವರು ಇನ್ನೂ ಕಡಿಮೆ. ಅರಮನೆಯೆಂಬ ಹೆಸರನ್ನು ಕೇಳಿ ಮೈಸೂರಿನ ಗೋಪುರಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ಬಂದವರಿಗೆ ಮೊದಲ ನೋಟದಲ್ಲಿ ನಿರಾಶೆಯೇ ಆಗಬಹುದು. ಏಕೆಂದರೆ ಇದು ಹೆಂಚು ಹೊದೆದ, ಮರದ ಕಂಬಗಳ ಮೇಲೆ ನಿಂತ, ಮಳೆಗಾಲಕ್ಕೆ ಹೆದರದಂತೆ ತಲೆತಗ್ಗಿಸಿಕೊಂಡಿರುವ ನಮ್ಮ ತುಳುನಾಡಿನ ಮನೆಯೇ ಸರಿ. ಅದೇ ಇದರ ಸ್ವಾರಸ್ಯವೂ ಹೌದು. ಅರಸರು ತಮಗಾಗಿ ಕಟ್ಟಿಸಿಕೊಂಡದ್ದು ಪರದೇಶದ ಮಾದರಿಯನ್ನಲ್ಲ. ತಮ್ಮ ಪ್ರಜೆಗಳ ಮನೆಯನ್ನೇ ಹಿರಿದಾಗಿಯೂ ಚೆಲುವಾಗಿಯೂ ಕಟ್ಟಿಸಿಕೊಂಡರು.

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಅಭಿವೃದ್ಧಿ, ಪರೀಕ್ಷೆಯ ಫಲಿತಾಂಶ, ಆಟೋಟ ಮುಂತಾದವುಗಳ ವಿಚಾರವನ್ನು ಬೇರೆಯವರು ಬರೆಯುತ್ತಿರುವುದರಿಂದ ನಾವು ಮನೆಯ ವಿಚಾರವನ್ನು ಬರೆಯಲು ಹೊರಟಿರುವೆವು. ಇದಕ್ಕೆ ಕಾರಣವುಂಟು. ನಮ್ಮಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಹಳೆಯ ಮನೆಗಳ ಗೃಹಿಣಿಯರಾಗಿರುವರು. ಕೆಲವರು ನಮ್ಮನ್ನು ಕಾಣಲು ಬಂದಾಗ, “ಅಮ್ಮಾ, ಹಳೆಯ ಮನೆಯನ್ನು ಇಳಿಸಿ ಹೊಸದನ್ನು ಕಟ್ಟಿಸುವ ಮಾತು ನಡೆದಿದೆ, ಕಂಬಗಳಿಗೆ ಒಳ್ಳೆಯ ಬೆಲೆ ಕೊಡುವವರು ಬಂದು ಹೋಗಿದ್ದಾರೆ” ಎಂದು ಹೇಳುವುದುಂಟು. ಇಂಥ ಮಾತು ನಡೆಯುವ ಮನೆಗಳಲ್ಲಿ ತೀರ್ಮಾನಕ್ಕೆ ಮೊದಲು ಒಂದೆರಡು ಸಂಗತಿಗಳು ತಿಳಿದಿರುವುದು ಒಳ್ಳೆಯದೆಂದು ನಮಗೆ ತೋರಿತು.

ಮೊದಲು ಅರಮನೆಯ ಕಥೆಯನ್ನು ಕೇಳೋಣ. ಬಂಗರು, ಅಜಿಲರು, ಸಾವಂತರು ಮುಂತಾಗಿ ತುಳುನಾಡನ್ನು ಹಂಚಿಕೊಂಡು ಆಳಿದ ಜೈನ ಅರಸುಮನೆತನಗಳಲ್ಲಿ ಚೌಟರದೂ ಒಂದು. ಸಮುದ್ರ ತೀರದ ಉಳ್ಳಾಲವೂ ಒಳನಾಡಿನ ಪುತ್ತಿಗೆಯೂ ಅವರ ರಾಜಧಾನಿಗಳಾಗಿದ್ದವು. 17ನೆಯ ಶತಮಾನದಲ್ಲಿ ಅವರು ಮೂಡುಬಿದಿರೆಯಲ್ಲಿ ನೆಲೆನಿಂತರು. 16ನೆಯ ಶತಮಾನದಲ್ಲಿ ಪೋರ್ಚುಗೀಸರಿಗೆ ಇದಿರಾಗಿ ನಿಂತ ಉಳ್ಳಾಲದ ರಾಣಿ ಅಬ್ಬಕ್ಕನು ಇದೇ ಮನೆತನದವಳೆಂಬುದನ್ನು ನಮ್ಮ ಕೆಳತರಗತಿಯ ಮಕ್ಕಳೂ ಬಲ್ಲರು. 1623ರಲ್ಲಿ ಇಟಲಿ ದೇಶದ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬವನು ಉಳ್ಳಾಲದ ರಾಣಿಯನ್ನು ಮನೇಲ್ ಎಂಬಲ್ಲಿ ಕಂಡನು. ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸವನ್ನು ಖುದ್ದಾಗಿ ನೋಡಿಕೊಂಡು ಬರಿಗಾಲಿನಲ್ಲಿ ನಡೆದು ಬರುತ್ತಿದ್ದ ರಾಣಿಯನ್ನು ಅವನು ತನ್ನ ಪತ್ರಗಳಲ್ಲಿ ವರ್ಣಿಸಿರುವನು. ಇಂಥ ಅರಸುಮನೆತನದ ಅರಮನೆಯಲ್ಲಿ ಆಡಂಬರಕ್ಕಿಂತ ಉಪಯೋಗವು ಮುಂದಾಗಿದ್ದರೆ ಆಶ್ಚರ್ಯವಿಲ್ಲ.

ಚೌಟರು ವಿಜಯನಗರದ ಅರಸರಿಗೂ ಆಮೇಲೆ ಕೆಳದಿಯ ನಾಯಕರಿಗೂ ಅಧೀನರಾಗಿದ್ದು, 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಬಳಿಕ ತಮ್ಮ ಅಧಿಕಾರವನ್ನು ಕಳೆದುಕೊಳ್ಳುತ್ತ ಬಂದರು. 1799ರಲ್ಲಿ ಕೆನರಾ ಸೀಮೆಯು ಇಂಗ್ಲಿಷ್ ಕುಂಪಣಿಯ ವಶವಾದ ಮೇಲೆ ನಾಡಿನ ಹಳೆಯ ಅರಸುಗಳು ರಾಜಕೀಯ ವಿಶ್ರಾಂತಿವೇತನವನ್ನು ಪಡೆಯುವ ಗೃಹಸ್ಥರಾದರು. ರಾಜ್ಯವು ಹೋಯಿತು, ಮನೆ ಉಳಿಯಿತು. ಈ ಅರಮನೆಯ ಕೆತ್ತನೆಯ ಕಂಬಗಳು ವಿಶೇಷವಾಗಿ ಹೆಸರಾದವು.

ಆ ಕಂಬಗಳಲ್ಲಿ ಎರಡು ಲೋಕಪ್ರಸಿದ್ಧವಾದವು. ಒಂದರ ಮೇಲೆ ಒಂದು ಆನೆ; ಇನ್ನೊಂದರ ಮೇಲೆ ಒಂದು ಕುದುರೆ. ದೂರದಿಂದ ನೋಡುವವರಿಗೆ ಅಷ್ಟೇ ಕಾಣಿಸುವುದು. ಹತ್ತಿರಕ್ಕೆ ಹೋಗಿ ನಿಧಾನವಾಗಿ ದಿಟ್ಟಿಸಿದರೆ ಆನೆಯು ಮಾಯವಾಗಿ ಒಂಬತ್ತು ಮಂದಿ ಸ್ತ್ರೀಯರು ಕಾಣಿಸಿಕೊಳ್ಳುವರು. ಕುದುರೆಯು ಮಾಯವಾಗಿ ಐವರು ಕಾಣಿಸಿಕೊಳ್ಳುವರು. ಒಬ್ಬಳ ಬಾಗಿದ ಬೆನ್ನೂ ಮತ್ತೊಬ್ಬಳ ಚಾಚಿದ ತೋಳೂ ಸೇರಿ ಪ್ರಾಣಿಯ ರೂಪವು ಮೂಡುವಂತೆ ಶಿಲ್ಪಿಯು ಅವರನ್ನು ಹೆಣೆದಿರುವನು. ಮೊದಲನೆಯದಕ್ಕೆ ನವನಾರೀಕುಂಜರವೆಂದೂ ಎರಡನೆಯದಕ್ಕೆ ಪಂಚನಾರೀತುರಗವೆಂದೂ ಹೆಸರು. ಈ ಬಗೆಯ ಕಲ್ಪನೆಯು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಒರಿಸ್ಸದ ಚಿತ್ರಪಟಗಳಲ್ಲಿಯೂ ರಾಜಪುತ್ರಸ್ಥಾನದ ವರ್ಣಚಿತ್ರಗಳಲ್ಲಿಯೂ ಇದು ಕಾಣಸಿಗುವುದು. ಆದರೆ ಬಟ್ಟೆಯ ಮೇಲೆ ಕುಂಚದಿಂದ ಬರೆಯುವುದು ಬೇರೆ, ಮನೆಯ ಭಾರವನ್ನು ಹೊರುವ ಕಂಬದಲ್ಲಿ ಉಳಿಯಿಂದ ಕೊರೆಯುವುದು ಬೇರೆ. ಚಿತ್ರದಲ್ಲಿ ತಪ್ಪಿದ ಗೆರೆಯನ್ನು ಅಳಿಸಬಹುದು. ಮರದಲ್ಲಿ ಒಂದು ಚಕ್ಕೆ ಹೆಚ್ಚಾಗಿ ಎದ್ದರೆ ಅದನ್ನು ಮರಳಿ ಹಚ್ಚುವಂತಿಲ್ಲ.

ಮಕ್ಕಳಿಗೆ ಈ ಶಿಲ್ಪಗಳನ್ನು ತೋರಿಸುವವರು ಅವಸರ ಮಾಡಬಾರದು. ಎಷ್ಟು ಮಂದಿ ಇದ್ದಾರೆಂದು ಮೊದಲು ಅವರೇ ಎಣಿಸಲಿ. ಏಳರವರೆಗೆ ಎಲ್ಲರೂ ಎಣಿಸುವರು, ಎಂಟನೆಯವಳಿಗೆ ತಡವಾಗುವುದು, ಒಂಬತ್ತನೆಯವಳನ್ನು ಕಂಡ ಮಗುವು ಕೂಗಿ ಹೇಳದೆ ಇರಲಾರದು. ಕಣ್ಣಿಗೆ ಕಾಣುವುದಕ್ಕೂ ನೋಡುವುದಕ್ಕೂ ಇರುವ ಭೇದವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಅರಿಯೆವು. ಒಬ್ಬೊಬ್ಬಳಾಗಿ ನಿಂತರೆ ಅಬಲೆಯರೆನಿಸುವವರು ಒಂಬತ್ತು ಮಂದಿ ಕೂಡಿದರೆ ಆನೆಯಾಗುವರೆಂಬ ನೀತಿಯನ್ನೂ ನಮ್ಮ ಹುಡುಗಿಯರು ತಾವಾಗಿಯೇ ಕಂಡುಕೊಳ್ಳುವರು.

ಈ ಮನೆಯನ್ನು ಯೋಜಿಸಿದವರು ಯಾರು ಎಂದು ಕೇಳಬಹುದು. ಈಗಿನ ಕಾಲದಲ್ಲಿ ಮನೆಯ ನಕ್ಷೆಯನ್ನು ಬರೆಯುವ ವಾಸ್ತುಶಿಲ್ಪಿಯು ಒಬ್ಬ, ಲೆಕ್ಕಾಚಾರ ಮಾಡುವ ಇಂಜಿನಿಯರು ಇನ್ನೊಬ್ಬ, ಗೋಡೆ ಕಟ್ಟುವವನು ಬೇರೊಬ್ಬ. ನಮ್ಮ ಹಿರಿಯರ ಕಾಲದಲ್ಲಿ ಮರದ ಕೆಲಸದ ಆಚಾರಿಯೇ ಈ ವಿದ್ಯೆಗಳಲ್ಲಿ ಮುಖ್ಯವಾದವುಗಳನ್ನೆಲ್ಲ ತಲೆಯಲ್ಲಿ ಹೊತ್ತಿದ್ದನು. ಕಾಡಿನಲ್ಲಿ ಮರವನ್ನು ಆರಿಸುವವನೂ ಅವನೇ, ಮನೆಯ ಅಳತೆಯನ್ನು ನಿಶ್ಚಯಿಸುವವನೂ ಅವನೇ, ಕಂಬದಲ್ಲಿ ಹೂಬಳ್ಳಿಯನ್ನು ಬಿಡಿಸುವವನೂ ಅವನೇ. ಅವನ ಅಳತೆಗೋಲಿಗೆ ಕೋಲು ಎಂದೇ ಹೆಸರು. ಶಾಸ್ತ್ರದ ಪ್ರಕಾರ ಒಂದು ಕೋಲಿಗೆ 24 ಅಂಗುಲ. ಮಂಗಳೂರಿನ ಸೀಮೆಯಲ್ಲಿ ಬಾವಿಯ ಆಳವನ್ನು ಇಂದಿಗೂ ಕೋಲುಗಳಲ್ಲಿ ಹೇಳುವವರುಂಟು.

ಅಳತೆಯನ್ನು ನಿಶ್ಚಯಿಸುವಲ್ಲಿ ಅವನು ‘ಆಯ’ವನ್ನು ನೋಡುತ್ತಿದ್ದನು. ಇದು ನಮ್ಮ ಮಕ್ಕಳು ಪ್ರಾಥಮಿಕ ತರಗತಿಯಲ್ಲಿ ಕಲಿಯುವ ಶೇಷದ ಲೆಕ್ಕವಲ್ಲದೆ ಬೇರೇನೂ ಅಲ್ಲ. ಪಕ್ಕದ ಕೇರಳದಲ್ಲಿ ಪ್ರಚಾರದಲ್ಲಿರುವ ಕ್ರಮದಂತೆ, ಕಟ್ಟಡದ ಸುತ್ತಳತೆಯನ್ನು 3ರಿಂದ ಗುಣಿಸಿ 8ರಿಂದ ಭಾಗಿಸಬೇಕು. ಶೇಷವು 1 ಬಂದರೆ ಧ್ವಜಾಯ, 3 ಬಂದರೆ ಸಿಂಹಾಯ, 5 ಬಂದರೆ ವೃಷಭಾಯ, 7 ಬಂದರೆ ಗಜಾಯ. ಈ ನಾಲ್ಕೂ ಶುಭವೆಂದೂ ಸಮಸಂಖ್ಯೆಯ ಶೇಷಗಳು ಅಶುಭವೆಂದೂ ನಂಬುಗೆ. ಉದಾಹರಣೆಗೆ ಸುತ್ತಳತೆಯು 41 ಕೋಲು ಆದರೆ, 41ನ್ನು 3ರಿಂದ ಗುಣಿಸಿ ಬಂದ 123ನ್ನು 8ರಿಂದ ಭಾಗಿಸಿದಾಗ ಶೇಷವು 3, ಅದು ಸಿಂಹಾಯ. ಶುಭಾಶುಭಗಳ ನಂಬುಗೆಯನ್ನು ಅವರವರಿಗೆ ಬಿಟ್ಟರೂ ಈ ಲೆಕ್ಕದಿಂದ ಆದ ಒಂದು ಉಪಕಾರವನ್ನು ಎಲ್ಲರೂ ಒಪ್ಪಬೇಕು. ಅಳತೆಗಳು ಕೆಲವೇ ಸಂಖ್ಯೆಗಳಿಗೆ ಕಟ್ಟುಬಿದ್ದುದರಿಂದ ಊರೂರಿನ ಮನೆಗಳಿಗೂ ಒಂದು ಹೊಂದಾಣಿಕೆ ಬಂದಿತು. ಅಕ್ಷರ ಬಾರದ ಆಚಾರಿಯೂ ತನ್ನ ತಂದೆಯಿಂದ ಕಲಿತ ಅಳತೆಯನ್ನು ಮಗನಿಗೆ ತಪ್ಪಿಲ್ಲದೆ ದಾಟಿಸಲು ಸಾಧ್ಯವಾಯಿತು.

ಇನ್ನು ಮನೆಯ ರಚನೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ, ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬೀಳುವ ಈ ಜಿಲ್ಲೆಯಲ್ಲಿ ಮನೆಯೆಂದರೆ ಮೊಟ್ಟಮೊದಲು ಮಾಡು. ಮಾಡು ಕಡಿದಾದ ಇಳಿಜಾರಾಗಿರಬೇಕು. ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರಬೇಕು. ಗೋಡೆಯು ಮಣ್ಣಿನದು ಅಥವಾ ಮುರಕಲ್ಲಿನದು. ಮುರಕಲ್ಲು ನೆಲದಲ್ಲಿರುವಾಗ ಮೆದು, ಗಾಳಿಗೆ ತೆರೆದಿಟ್ಟರೆ ಗಟ್ಟಿ. ಆದರೆ ಅದು ತೂತುತೂತಾದ ಕಲ್ಲಾದುದರಿಂದ ನೀರನ್ನು ಹೀರುವುದು. ಆದಕಾರಣವೇ ಗೋಡೆಗೆ ಮಳೆಯ ಇರಚಲು ತಾಗದಂತೆ ಸುತ್ತಲೂ ಜಗಲಿ, ಜಗಲಿಯ ಅಂಚಿನಲ್ಲಿ ಕಂಬಗಳ ಸಾಲು, ಕಂಬಗಳನ್ನೂ ದಾಟಿ ಕೆಳಕ್ಕೆ ಇಳಿಯುವ ಮಾಡು. ಹೊರಗಿನಿಂದ ಬಂದವರು ಜಗಲಿಯಲ್ಲಿ ಕುಳಿತುಕೊಳ್ಳುವರು. ಗೌರವಸ್ಥರನ್ನು ಚಾವಡಿಗೆ ಕರೆಯುವರು. ನ್ಯಾಯತೀರ್ಮಾನ, ಮದುವೆಯ ಮಾತುಕತೆ, ಗೇಣಿಯ ಲೆಕ್ಕ ಎಲ್ಲವೂ ಚಾವಡಿಯಲ್ಲಿ ನಡೆಯುತ್ತಿದ್ದುದರಿಂದ ಮನೆಯ ಅತ್ಯುತ್ತಮ ಕೆತ್ತನೆಯೂ ಅಲ್ಲಿಯೇ ಇರುವುದು.

ಒಳಗಿನ ಅಂಗಳವು ಗಾಳಿಬೆಳಕುಗಳ ಬಾವಿಯಿದ್ದಂತೆ. ಸುತ್ತಣ ಕೋಣೆಗಳ ಬಿಸಿಗಾಳಿಯು ಅಂಗಳದ ಮೂಲಕ ಮೇಲೇರಿ ಹೋಗುವುದು. ತಂಪುಗಾಳಿಯು ಜಗಲಿಯ ನೆರಳಿನಿಂದ ಒಳಕ್ಕೆ ಬರುವುದು. ಕೋಣೆಗಳ ಮೇಲೆ ಹಲಗೆಗಳ ಮುಚ್ಚಿಗೆ. ಮುಚ್ಚಿಗೆಗೂ ಮಾಡಿಗೂ ನಡುವೆ ಅಟ್ಟ. ಅಟ್ಟದಲ್ಲಿ ನಿಂತ ಗಾಳಿಯು ಬಿಸಿಲಿನ ತಾಪವನ್ನು ಕೆಳಕ್ಕೆ ಇಳಿಯಗೊಡದು. ಕಂಬ, ತೊಲೆ, ಪಕ್ಕಾಸುಗಳಿಗೆ ಹಲಸು, ಕಿರಾಲುಬೋಗಿ, ತೇಗ ಮುಂತಾದ ಮರಗಳು. ಇವುಗಳನ್ನು ಜೋಡಿಸುವುದಕ್ಕೆ ಕಬ್ಬಿಣದ ಮೊಳೆಗಳ ಅವಶ್ಯಕತೆಯೇ ಇರಲಿಲ್ಲ. ಒಂದು ಮರದ ನಾಲಗೆಯನ್ನು ಇನ್ನೊಂದರ ಕುಳಿಯಲ್ಲಿ ಕೂಡಿಸಿ ಮರದ ಗೂಟವನ್ನು ಹೊಡೆಯುವರು. ಮಳೆಗಾಲದಲ್ಲಿ ಮರವು ಉಬ್ಬಿ ಬೇಸಿಗೆಯಲ್ಲಿ ಕುಗ್ಗಿದರೂ ಜೋಡಣೆಯು ಅದಕ್ಕೆ ಹೊಂದಿಕೊಳ್ಳುವುದು. ಕಟ್ಟಿದ ಕ್ರಮದಲ್ಲಿಯೇ ಬಿಚ್ಚಬಹುದಾದ ಮನೆ ಇದು. ಇದರಿಂದ ಆದ ಹಿತವನ್ನೂ ಅಹಿತವನ್ನೂ ಮುಂದೆ ಹೇಳುವೆವು.

ಮರದ ಕೆಲಸವು ನಮ್ಮ ನಾಡಿನಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ಸಾವಿರಕಂಬದ ಬಸದಿಯೇ ಸಾಕ್ಷಿ. 1430ರಲ್ಲಿ ಕಟ್ಟಲಾದ ಆ ಬಸದಿಯ ಕೆಳಗಿನ ಅಂತಸ್ತು ಕಲ್ಲಿನದಾದರೂ ಮೇಲಿನ ಅಂತಸ್ತುಗಳು ಮರದವು. ಕಲ್ಲಿನ ಭಾಗದಲ್ಲಿಯೂ ಆಚಾರಿಯ ಉಳಿಯ ಗುಣವು ಎದ್ದು ಕಾಣುವುದು. ಭಾರತದ ಕಟ್ಟಡಗಳ ಚರಿತ್ರೆಯನ್ನು 1876ರಲ್ಲಿ ಪ್ರಕಟಿಸಿದ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಮೂಡುಬಿದಿರೆಯ ಇಳಿಜಾರು ಮಾಡುಗಳನ್ನು ಕಂಡು ಅವುಗಳಿಗೆ ಸಮಾನವಾದವು ದೂರದ ನೇಪಾಳದಲ್ಲಿ ಮಾತ್ರ ಇವೆಯೆಂದು ಬೆರಗಾದನು. ನಮ್ಮ ಹಳ್ಳಿಯ ಗೃಹಿಣಿಗೆ ಇದರಲ್ಲಿ ಬೆರಗೇನೂ ತೋರದು. ಮಳೆಯೂ ಮರವೂ ಧಾರಾಳವಾಗಿರುವಲ್ಲಿ ಮಾಡು ಇಳಿಜಾರಾಗದೆ ಬೇರೆ ಹೇಗಾದೀತು?

ಮಾಡಿನ ವಿಚಾರ ಬಂದುದರಿಂದ ಹೆಂಚಿನ ಮಾತನ್ನೂ ಹೇಳಬೇಕು. ಹಿಂದಿನ ಕಾಲದಲ್ಲಿ ಬಡವರ ಮನೆಗಳಿಗೂ ಅನೇಕ ಅನುಕೂಲಸ್ಥರ ಮನೆಗಳಿಗೂ ಮುಳಿಹುಲ್ಲಿನ ಹೊದಿಕೆಯೇ ಇದ್ದಿತು. ವರ್ಷ ವರ್ಷವೂ ಹೊಸ ಹುಲ್ಲನ್ನು ಹೊದಿಸಬೇಕು. ಒಂದು ಕಿಡಿ ಹಾರಿದರೆ ಮನೆಯೇ ಬೂದಿ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣನ್ನು ಅರೆದು, ಅಚ್ಚಿನಲ್ಲಿ ಒತ್ತಿ, ಆವಿಗೆಯಲ್ಲಿ ಸುಟ್ಟು ಮಾಡಿದ ಈ ಹೆಂಚುಗಳ ಅಂಚಿನಲ್ಲಿ ಒಂದಕ್ಕೊಂದು ಕೂಡುವ ತೋಡುಗಳಿರುವುದರಿಂದ ಗಾರೆಯಿಲ್ಲದೆ ಸಾಲಾಗಿ ಕುಳಿತುಕೊಳ್ಳುವವು. ಒಂದು ಒಡೆದರೆ ಅದೊಂದನ್ನೇ ತೆಗೆದು ಬೇರೊಂದನ್ನು ಇಡಬಹುದು. ಮಂಗಳೂರು ಹೆಂಚೆಂಬ ಹೆಸರಿನಿಂದ ಇವು ಸಿಲೋನಿಗೂ ಪೂರ್ವ ಆಫ್ರಿಕಕ್ಕೂ ಹಡಗು ಹತ್ತಿ ಹೋದವು. ಆದರೆ ಅವುಗಳಿಂದ ಆದ ಮಹೋಪಕಾರವು ಹತ್ತಿರದಲ್ಲಿಯೇ ಉಂಟು. ಹುಲ್ಲಿನ ಮಾಡಿನ ಕೆಳಗೆ ಬೆಂಕಿಯ ಭಯದಲ್ಲಿದ್ದ ಎಷ್ಟೋ ಹಳೆಯ ಚಾವಡಿಗಳು ಹೆಂಚಿನ ಆಶ್ರಯದಲ್ಲಿ ಮತ್ತೊಂದು ಆಯುಷ್ಯವನ್ನು ಪಡೆದವು.

ಇಂಥ ಮನೆಗಳು ಮೂಡುಬಿದಿರೆಯಲ್ಲಿ ಮಾತ್ರ ಇರುವವೆಂದು ತಿಳಿಯಬಾರದು. ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲಿ ಅಜಿಲರ ಅರಮನೆಯುಂಟು. 1604ರಲ್ಲಿ ವೇಣೂರಿನ ಗೊಮ್ಮಟಮೂರ್ತಿಯನ್ನು ನಿಲ್ಲಿಸಿದವರು ಇದೇ ಮನೆತನದವರು. ಅದೇ ತಾಲೂಕಿನ ಬಂಗಾಡಿಯು ಬಂಗ ಅರಸರ ನೆಲೆ. ಧರ್ಮಸ್ಥಳದ ಹೆಗ್ಗಡೆ ಮನೆತನದ ಮೂಲಸ್ಥಾನವೆಂದು ಪರಂಪರೆಯು ಹೇಳುವ ನೆಲ್ಯಾಡಿ ಬೀಡೂ ಅಲ್ಲಿಯೇ ಇದೆ. ಬಂಟವಾಳ ತಾಲೂಕಿನ ವಿಟ್ಲದಲ್ಲಿ ಹೆಗ್ಗಡೆ ಅರಸರ ಅರಮನೆಯುಂಟು. ಇವಲ್ಲದೆ ಗುತ್ತು, ಬೀಡು, ಬರ್ಕೆ ಎಂಬ ಹೆಸರುಗಳಿಂದ ಗ್ರಾಮಗ್ರಾಮಗಳಲ್ಲಿ ಕರೆಯಲ್ಪಡುವ ಹಿರಿಯ ಮನೆಗಳು ಬೇರೆ. ಬಂಟವಾಳದ ಪೇಟೆಯಲ್ಲಿ ಮಾತ್ರ ಹಳೆಯ ಮನೆಗಳು ವಿರಳ. 1923ರಲ್ಲಿ ನೇತ್ರಾವತಿಯು ಉಕ್ಕಿ ಬಂದು ಬಂಟವಾಳವನ್ನೂ ಪಾಣೆಮಂಗಳೂರನ್ನೂ ಮುಳುಗಿಸಿದಾಗ ಮಣ್ಣಿನ ಗೋಡೆಗಳು ನಿಂತಲ್ಲಿಯೇ ಕರಗಿದವು. ಆ ನೆರೆಯನ್ನು ಹಿರಿಯರು ‘ಮಾರಿಬೊಳ್ಳ’ ಎಂದು ಕರೆದರು.

ನೆರೆಯಲ್ಲಿ ಬಿದ್ದ ಮನೆಗಳಿಗಿಂತ ನೆರೆಯಿಲ್ಲದೆ ಬಿದ್ದ ಮನೆಗಳೇ ಹೆಚ್ಚು. ಅದರ ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಗುತ್ತಿನ ಮನೆಯನ್ನು ಹೊತ್ತು ನಿಂತುದು ಮರದ ಕಂಬಗಳು ಮಾತ್ರವಲ್ಲ. ಸುತ್ತಣ ಗದ್ದೆಗಳ ಚಾಲಗೇಣಿ ಒಕ್ಕಲುಗಳು ಗೇಣಿಯಕ್ಕಿಯನ್ನು ಹೊತ್ತು ತಂದರು. ಮಾಡಿಗೆ ಹುಲ್ಲು ಹೊದಿಸಿದರು. ಅಂಗಳಕ್ಕೆ ಸೆಗಣಿ ಸಾರಿಸಿದರು. ಅವರಲ್ಲಿ ಅನೇಕರಿಗೆ ಆ ಮನೆಯ ಜಗಲಿಯನ್ನು ಹತ್ತುವ ಅಧಿಕಾರವಿರಲಿಲ್ಲ. ಇತ್ತ ಮನೆಯೊಳಗೆ ಅಳಿಯಸಂತಾನದ ಕಟ್ಟಿನಂತೆ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿದ್ದು, ಅದು ಇಡೀ ಕುಟುಂಬದ್ದಾಗಿತ್ತು. ಯಾರೊಬ್ಬರೂ ತಮ್ಮ ಪಾಲೆಂದು ಒಂದು ಕೋಣೆಯನ್ನು ಬೇರ್ಪಡಿಸುವಂತಿರಲಿಲ್ಲ.

ಈ ಎರಡು ಕಟ್ಟುಗಳೂ ಸಡಿಲಿದವು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹಳೆಯ ಪದ್ಧತಿಯನ್ನು ಮತ್ತಷ್ಟು ಸಡಿಲಿಸಿತು. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಭೂಮಿಯೆಲ್ಲವೂ ಸರಕಾರಕ್ಕೆ ಸೇರಿ, ಅಲ್ಲಿಂದ ಉಳುವವನ ಕೈಗೆ ಬಂದಿತು. ಇದು ನ್ಯಾಯವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಅಜ್ಜಿಯು ಗೇಣಿಯ ಅಕ್ಕಿಯನ್ನು ಹೊತ್ತ ಮನೆಯಿಂದ ಮೊಮ್ಮಗಳು ನಮ್ಮ ಶಾಲೆಗೆ ಬಂದು, ಓದಿ, ತಾನೂ ಉಪಾಧ್ಯಾಯಿನಿಯಾದುದನ್ನು ನಾವು ಕಣ್ಣಾರೆ ಕಂಡಿರುವೆವು. ಆದರೆ ಗೇಣಿಯು ನಿಂತ ಮೇಲೆ ದೊಡ್ಡ ಮನೆಯ ಮಾಡನ್ನು ವರ್ಷ ವರ್ಷವೂ ದುರಸ್ತಿ ಮಾಡಿಸುವ ಹಣವೂ ಜನವೂ ಇಲ್ಲವಾದವು. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳೆಂದು ಹೋದರು. ಹೀಗೆ ನ್ಯಾಯದ ಫಲವಾಗಿಯೇ ಒಂದು ಸುಂದರ ವಸ್ತುವು ಅನಾಥವಾಯಿತು. ಇದಕ್ಕೆ ಪರಿಹಾರವು ಹಳೆಯ ವ್ಯವಸ್ಥೆಯನ್ನು ನೆನೆದು ಕೊರಗುವುದರಲ್ಲಿ ಇಲ್ಲ. ಕಟ್ಟುಬಿದ್ದ ಕೈಗಳು ಕಾಪಾಡಿದ್ದನ್ನು ಸ್ವತಂತ್ರವಾದ ಕೈಗಳು ಕಾಪಾಡಲು ಕಲಿಯುವುದೇ ಪರಿಹಾರ.

ಬಿಚ್ಚಬಹುದಾದ ಮನೆಯ ಹಿತಾಹಿತಗಳನ್ನು ಹೇಳುವೆವೆಂದಿದ್ದೆವಷ್ಟೆ. ಅಹಿತವೆಂದರೆ, ಕಂಬವೊಂದನ್ನು ಕಳಚಿ ಮಾರುವುದು ಬಹಳ ಸುಲಭ. ನಮ್ಮ ಸೀಮೆಯ ಚಾವಡಿಯ ಕಂಬಗಳು ದೂರದ ಪಟ್ಟಣಗಳ ಹೋಟೆಲುಗಳಲ್ಲಿ ಯಾವ ಭಾರವನ್ನೂ ಹೊರದೆ ಅಲಂಕಾರಕ್ಕೆ ನಿಂತಿರುವುದುಂಟು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಇಂಥ ವಸ್ತುಗಳೂ, ಕಟ್ಟಡದಿಂದ ಕಳಚಿದ ಭಾಗಗಳೂ ಪುರಾತನ ವಸ್ತುಗಳೆನಿಸುವವು. ಖಾಸಗಿ ಜನರು ಅವುಗಳನ್ನು ಪರದೇಶಕ್ಕೆ ಸಾಗಿಸುವುದು ಅಪರಾಧ. ಕೊಳ್ಳಲು ಬಂದವನು ಇದನ್ನು ತಾನಾಗಿ ಹೇಳಲಾರನು.

ಹಿತವೆಂದರೆ, ಬಿಚ್ಚಿದುದನ್ನು ಮರಳಿ ಜೋಡಿಸಬಹುದು. ಮಣಿಪಾಲದ ವಿಜಯನಾಥ ಶೆಣೈಯವರು (1934–2017) ಕೆಡವಲ್ಪಡುತ್ತಿದ್ದ ಹಳೆಯ ಮನೆಗಳ ಭಾಗಗಳನ್ನು ಸಂಗ್ರಹಿಸಿ ಮೊದಲು ತಮ್ಮ ಸ್ವಂತ ಮನೆಯನ್ನು ಕಟ್ಟಿಕೊಂಡರು. ಆಮೇಲೆ ಇಡೀ ಇಡೀ ಮನೆಗಳನ್ನೇ ಬಿಚ್ಚಿ, ಮರಮರಕ್ಕೂ ಗುರುತು ಹಾಕಿ, ಮಣಿಪಾಲಕ್ಕೆ ತಂದು ನಿಲ್ಲಿಸಿದರು. ಕುಂಜೂರು ಚೌಕಿಮನೆ, ಮಿಯಾರು ಮನೆ ಮುಂತಾದವು ಹೀಗೆ ಉಳಿದು, ಹಸ್ತಶಿಲ್ಪದ ಪಾರಂಪರಿಕ ಗ್ರಾಮದಲ್ಲಿ ನಿಂತಿವೆ. ಆ ಮಹನೀಯರ ಸಾಹಸವು ಸ್ತುತ್ಯವಾದುದು. ಆದರೂ ತನ್ನ ಗದ್ದೆ, ತನ್ನ ಬಾವಿ, ತನ್ನ ಹಲಸಿನ ಮರಗಳನ್ನು ಬಿಟ್ಟು ಬಂದ ಮನೆಯು ವೃದ್ಧಾಶ್ರಮಕ್ಕೆ ಸೇರಿದ ತಾಯಿಯಂತೆಯೇ ಸರಿ. ಆರೈಕೆಗೆ ಕೊರತೆಯಿಲ್ಲದಿದ್ದರೂ ಮಕ್ಕಳ ಸಂಗಡ ಇದ್ದಂತೆ ಆಗದು.

ಆದುದರಿಂದ ಹಳೆಯ ಮನೆಯಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರಿಗೆ ಕೆಲವು ಸೂಚನೆಗಳನ್ನು ಕೊಡಬಯಸುವೆವು. ಮೊದಲನೆಯದು, ಮೇ ತಿಂಗಳು ಮುಗಿಯುವುದರೊಳಗೆ ಮಾಡನ್ನು ನೋಡಿಸಿರಿ. ಜಾರಿದ ಒಂದು ಹೆಂಚಿನಿಂದ ಇಳಿದ ನೀರು ಪಕ್ಕಾಸನ್ನೂ, ಪಕ್ಕಾಸಿನಿಂದ ತೊಲೆಯನ್ನೂ, ತೊಲೆಯಿಂದ ಗೋಡೆಯನ್ನೂ ಕೆಡಿಸುವುದು. ಎರಡನೆಯದು, ಮಣ್ಣು ಅಥವಾ ಮುರಕಲ್ಲಿನ ಗೋಡೆಗೆ ಸಿಮೆಂಟು ಬಳಿಯಿಸಬೇಡಿರಿ; ಗೋಡೆಯೊಳಗಿನ ತೇವವು ಹೊರಕ್ಕೆ ಬರಲಾರದೆ ಒಳಗೇ ಕೊಳೆಯುವುದು. ಹಿರಿಯರು ಬಳಿದ ಸುಣ್ಣವೇ ಉತ್ತಮ. ಮೂರನೆಯದು, ಒರಲೆಯ ವಿಷಯದಲ್ಲಿ ಎಚ್ಚರಿಕೆ. ಹಿಂದೆ ಅಡಿಗೆಮನೆಯ ಸೌದೆಯ ಹೊಗೆಯು ಮಾಡಿನ ಮರಗಳಿಗೆ ಹಿಡಿದು ಹುಳುಗಳನ್ನು ದೂರವಿಡುತ್ತಿದ್ದಿತು. ಹೆಂಗಸರ ಕಣ್ಣಿಗೂ ಶ್ವಾಸಕ್ಕೂ ಆ ಹೊಗೆಯು ಮಾಡಿದ ಹಾನಿಯನ್ನು ನೆನೆದರೆ ಅನಿಲದ ಒಲೆಯು ಬಂದುದು ಬಹಳ ಒಳ್ಳೆಯದಾಯಿತು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಮಾಡಬೇಕು. ಕಣ್ಣಿಗೆ ಬೀಳದ ಮರಗಳಿಗೆ ಗೇರುಎಣ್ಣೆಯನ್ನು ಹಚ್ಚುವ ವಾಡಿಕೆಯುಂಟು. ಅದು ಮೈಗೆ ತಾಗಿದರೆ ಚರ್ಮವು ಸುಟ್ಟಂತಾಗುವುದರಿಂದ ಬಲ್ಲವರ ಕೈಯಿಂದಲೇ ಹಚ್ಚಿಸಿರಿ. ಮರವು ಅದರಿಂದ ಕಪ್ಪಾಗುವುದರಿಂದ ಕೆತ್ತನೆಯ ಕಂಬಗಳಿಗೆ ಅದು ಬೇಡ.

ಇಷ್ಟೆಲ್ಲ ಮಾಡಿಯೂ ಮನೆಯನ್ನು ಇಳಿಸಲೇಬೇಕಾದ ಸಂದರ್ಭವು ಬರಬಹುದು. ಸೋರುವ ಮಾಡಿನ ಕೆಳಗೆ ವೃದ್ಧರನ್ನೂ ಮಕ್ಕಳನ್ನೂ ಇರಿಸಿಕೊಂಡು ಚೆಲುವನ್ನು ಕಾಪಾಡಿರೆಂದು ನಾವು ಯಾರಿಗೂ ಹೇಳಲಾರೆವು. ಆದರೆ ಇಳಿಸುವುದಕ್ಕೆ ಮುಂಚೆ ಪ್ರತಿಯೊಂದು ಕೋಣೆಯ ಅಳತೆಯನ್ನು ಬರೆದಿಡಿರಿ. ಕಂಬ, ಬಾಗಿಲು, ಮುಚ್ಚಿಗೆಗಳ ಚಿತ್ರಗಳನ್ನು ತೆಗೆಸಿರಿ. ಯಾವುದಕ್ಕೆ ಏನು ಹೆಸರೆಂದು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಭತ್ತದ ಕಳಸಿಗೆ, ದೀಪದ ಕಂಬ, ಅಡಿಗೆಯ ಪಾತ್ರೆ ಮುಂತಾದುವನ್ನು ಇಟ್ಟುಕೊಳ್ಳಲು ಸ್ಥಳವಿಲ್ಲದಿದ್ದರೆ ಗುಜರಿಗೆ ಹಾಕದೆ ವಸ್ತುಸಂಗ್ರಹಾಲಯಕ್ಕೆ ಕೊಡಿರಿ. ಬಂಟವಾಳದ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದವರು ಕಟ್ಟಿರುವ ಸಂಗ್ರಹಾಲಯವು ಇಂಥ ದಿನಬಳಕೆಯ ವಸ್ತುಗಳಿಗಾಗಿಯೇ ಇರುವುದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವೂ ನಮಗೆ ದೂರವಲ್ಲ.

ಹೊಸ ಮನೆಯನ್ನು ಕಟ್ಟಿಸುವವರಿಗೂ ಒಂದು ಮಾತು. ಕುಷ್ಠರೋಗಿಗಳ ಸೇವಾ ಮಿಶನಿಗಾಗಿ 1945ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ವಾಸ್ತುಶಿಲ್ಪಿ ಲಾರಿ ಬೇಕರ್ ಎಂಬವರು (1917–2007) ಹಳ್ಳಿಯ ಮನೆಗಳನ್ನು ಕಂಡು, ತಾವು ಕಲಿಸಬೇಕಾದುದಕ್ಕಿಂತ ಕಲಿಯಬೇಕಾದುದೇ ಹೆಚ್ಚೆಂದು ಅರಿತರು. ಮುಂದೆ ಕೇರಳದಲ್ಲಿ ನೆಲೆಸಿ, ಸ್ಥಳದ ಮಣ್ಣು, ಇಟ್ಟಿಗೆ, ಸುಣ್ಣ, ಹೆಂಚುಗಳಿಂದಲೇ ಕಡಿಮೆ ಖರ್ಚಿನ ತಂಪಾದ ಮನ
ೆಗಳನ್ನು ಕಟ್ಟಿದರು. ಕಡಲಾಚೆಯಿಂದ ಬಂದ ಪಂಡಿತನು ನಮ್ಮ ಆಚಾರಿಯ ಶಿಷ್ಯನಾಗಬಹುದಾದರೆ ನಾವೇಕೆ ಆಗಬಾರದು? ಚಾಚಿದ ಮಾಡು, ಒಂದು ಜಗಲಿ, ಗಾಳಿಯಾಡುವ ಅಂಗಳ ಇವು ಇಂದಿನ ಚಿಕ್ಕ ಮನೆಯಲ್ಲಿಯೂ ಅಸಾಧ್ಯವಲ್ಲ.

ಮೂಡುಬಿದಿರೆಗೆ ಹೋಗುವವರು ಚೌಟರ ಅರಮನೆಯನ್ನು ನೋಡಬಯಸಿದರೆ, ಅದು ಒಂದು ಮನೆತನದವರ ಸ್ವಂತ ಸೊತ್ತೆಂಬುದನ್ನು ಮರೆಯದೆ, ಅನುಮತಿಯನ್ನು ಪಡೆದು, ಮರಕ್ಕೆ ಕೈ ತಾಗಿಸದೆ ನೋಡಿ ಬರಲಿ. ಬಂದ ಬಳಿಕ ತಮ್ಮ ಮನೆಯ ಚಾವಡಿಯಲ್ಲಿ ಒಮ್ಮೆ ನಿಂತು ತಲೆಯೆತ್ತಿ ನೋಡಲಿ. ಅಲ್ಲಿ ಆನೆಯಾಗಲಿ ಕುದುರೆಯಾಗಲಿ ಇರಲಿಕ್ಕಿಲ್ಲ. ಆದರೆ ಮುಚ್ಚಿಗೆಯಲ್ಲೊಂದು ತಾವರೆಯೋ, ಬಾಗಿಲವಾಡದಲ್ಲೊಂದು ಬಳ್ಳಿಯೋ ಇದ್ದೀತು. ಅದನ್ನು ಕೊರೆದ ಕೈಗೆ ಸಲ್ಲಬೇಕಾದ ಗೌರವವು ಇನ್ನೂ ಬಾಕಿ ಇರುವುದು. ಈ ಸಾಲದಲ್ಲಿ ತಮ್ಮ ಪಾಲನ್ನು ನಮ್ಮ ಹೆಣ್ಣುಮಕ್ಕಳು ತೀರಿಸುವರೆಂದೇ ನಮ್ಮ ಭರವಸೆ.